ತಡೆಯುವುದನ್ನು ಕಲಿಸುವ ಆಟ

ಚಿತ್ರದುರ್ಗ ಜಿಲ್ಲೆಯ ಯಾವ ಶಾಲೆಯ ಪೋಷಕರ ಸಭೆಗೆ ಹೋದರೂ ಒಂದು ದೂರು ತಪ್ಪುವುದಿಲ್ಲ: ಹುಡುಗ ಮೊಬೈಲ್ ಬಿಡುತ್ತಿಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಫೋನು ಶಾಲೆ ತೆರೆದ ಮೇಲೂ ಅಲ್ಲೇ ಉಳಿಯಿತು. ದೇಶದ ಹಳ್ಳಿಗಳಲ್ಲಿ ನಡೆದ ಶಿಕ್ಷಣದ ಸ್ಥಿತಿ ಅಳೆಯುವ ಅಸರ್ 2024ರ ಸಮೀಕ್ಷೆಯ ಪ್ರಕಾರ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಅದನ್ನು ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76. ಇಂಥ ಹೊತ್ತಿನಲ್ಲಿ, ಮನಸ್ಸನ್ನು ಹಿಡಿತದಲ್ಲಿಡುವುದನ್ನು ವಿಡಿಯೊ ಗೇಮೇ ಕಲಿಸಬಲ್ಲದು ಎಂದರೆ ಹಿರಿಯೂರಿನ ತಾಯಿಯೋ ಹೊಸದುರ್ಗದ ಮೇಷ್ಟರೋ ಸಿಟ್ಟಾದಾರು. ಆದರೂ ಈ ಮಾತನ್ನು ತಳ್ಳಿಹಾಕುವ ಮುಂಚೆ ಕೂತು ಕೇಳಬೇಕು ಎಂದು ನನಗನ್ನಿಸುತ್ತದೆ. ಒಪ್ಪಿಕೊಳ್ಳುವ ಮುಂಚೆಯೂ ಅಷ್ಟೇ ತಾಳ್ಮೆ ಬೇಕು.

ಮನೋವಿಜ್ಞಾನದವರು ಸಂಯಮ ಎಂದಾಗ ದೊಡ್ಡ ಗುಣವೊಂದರ ಮಾತಾಡುವುದಿಲ್ಲ, ಸಣ್ಣ ಸಣ್ಣ ಕೆಲಸಗಳ ಮಾತಾಡುತ್ತಾರೆ. ಎದ್ದ ಕೈಯನ್ನು ಅಲ್ಲೇ ತಡೆಯುವುದು ಒಂದು. ಹೇಳಿದ ನಿಯಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಇನ್ನೊಂದು ಕೆಲಸ ಮಾಡುವುದು ಮತ್ತೊಂದು. ನಿಯಮ ಬದಲಾದಾಗ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊರಳುವುದು ಮೂರನೆಯದು. ಇವನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಪರೀಕ್ಷೆಗಳು ನೋಡಲು ಮಕ್ಕಳಾಟದ ಹಾಗೇ ಇವೆ. ಪರದೆಯ ಮೇಲೆ ಹಸಿರು ಚುಕ್ಕೆ ಬಂದರೆ ಗುಂಡಿ ಒತ್ತಬೇಕು, ಕೆಂಪು ಬಂದರೆ ಒತ್ತಬಾರದು. ಹಸಿರೇ ಹೆಚ್ಚು ಬರುವುದರಿಂದ ಬೆರಳು ತಾನಾಗಿ ಓಡುತ್ತದೆ. ಕೆಂಪು ಬಂದಾಗ ಅದನ್ನು ಹಿಡಿದು ನಿಲ್ಲಿಸುವುದರಲ್ಲೇ ಪರೀಕ್ಷೆ ಇರುವುದು.

ಪರೀಕ್ಷೆಯೇ ಆಟದಂತಿದ್ದರೆ ಅದನ್ನು ಆಟವನ್ನಾಗಿ ಮಾಡಿ ದಿನಾ ಆಡಿಸಿದರೆ ಏನಾಗುತ್ತದೆ? 2005ರಲ್ಲಿ ರೊಸಾರಿಯೊ ರುಯೆಡಾ, ಮೈಕೆಲ್ ಪೋಸ್ನರ್ ಮತ್ತು ಸಂಗಡಿಗರು 4 ಮತ್ತು 6 ವರ್ಷದ ಮಕ್ಕಳಿಗೆ ಐದು ದಿನ ಅಂಥ ಆಟಗಳನ್ನು ಆಡಿಸಿದರು. ಜಾಯ್‌ಸ್ಟಿಕ್ ಹಿಡಿದು ಬೆಕ್ಕೊಂದನ್ನು ಕೆಸರು ತುಳಿಯದಂತೆ ಹುಲ್ಲಿನ ಮೇಲೆ ತಲುಪಿಸಬೇಕು. ಬಾಹ್ಯಾಕಾಶಕ್ಕೆ ಕಳಿಸುವ ಮಂಗಗಳಿಗೆ ಕೊಡುತ್ತಿದ್ದ ತರಬೇತಿಯನ್ನು ಮಕ್ಕಳಿಗೆ ಒಗ್ಗಿಸಿ ಮಾಡಿದ ಆಟವದು. ಆಡಿದ ಮಕ್ಕಳ ಮಿದುಳಿನ ಅಲೆಗಳು ದೊಡ್ಡವರ ಮಾದರಿಯತ್ತ ಸರಿದಂತೆ ಕಂಡಿತು. 2013ರಲ್ಲಿ ಕ್ಯಾಲಿಫೋರ್ನಿಯಾದ ಆಡಮ್ ಗಝಾಲಿ ತಂಡ 60ರಿಂದ 85 ವರ್ಷದವರ ಕೈಗೆ ನ್ಯೂರೊರೇಸರ್ ಎಂಬ ಆಟ ಕೊಟ್ಟಿತು: ಕಾರನ್ನು ದಾರಿ ತಪ್ಪದಂತೆ ಓಡಿಸುತ್ತಲೇ, ಗೊತ್ತುಮಾಡಿದ ಗುರುತು ಬಂದಾಗ ಮಾತ್ರ ಗುಂಡಿ ಒತ್ತಬೇಕು. ಒಂದು ತಿಂಗಳಲ್ಲಿ 12 ಗಂಟೆ ಆಡಿದ ಹಿರಿಯರು, ಅಭ್ಯಾಸವಿಲ್ಲದ 20ರ ಹರೆಯದವರನ್ನೂ ಈ ಆಟದಲ್ಲಿ ಹಿಂದೆ ಹಾಕಿದರು. ಆರು ತಿಂಗಳ ನಂತರವೂ ಆ ಲಾಭ ಉಳಿದಿತ್ತು. ಅದೇ ವಿದ್ಯೆ ಬೆಳೆದು ಎಂಡೆವರ್‌ಆರ್‌ಎಕ್ಸ್ ಆಯಿತು. 2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅದಕ್ಕೆ ಅನುಮತಿ ಕೊಟ್ಟಿತು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ, ಆಗ 8ರಿಂದ 12 ವರ್ಷದವರಿಗೆ, ವೈದ್ಯರು ಚೀಟಿಯಲ್ಲಿ ಬರೆದುಕೊಡಬಹುದಾದ ಮೊದಲ ವಿಡಿಯೊ ಗೇಮ್ ಅದಾಗಿತ್ತು: ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ, ನಾಲ್ಕು ವಾರ.

ನಮ್ಮ ಕಡೆಯಿಂದ ನೋಡಿದಾಗ ಆಟದ ಪರವಾದ ಪಕ್ಷಕ್ಕೆ ಇನ್ನೂ ಬಲ ಬರುತ್ತದೆ. ಒಂದು ಕಡೆ ಕೂರಲಾರದ, ಸರದಿ ಕಾಯಲಾರದ, ಹೇಳಿದ್ದನ್ನು ಅರ್ಧ ಕೇಳಿ ಓಡುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಅದನ್ನು ಕಪಿ, ಪೋಲಿ ಎಂದು ಕರೆದು ಸುಮ್ಮನಾಗುತ್ತೇವೆ. ತಜ್ಞರಿಗೆ ತೋರಿಸೋಣವೆಂದರೆ ಬೆಂಗಳೂರಿನ ನಿಮ್ಹಾನ್ಸ್ ಚಿತ್ರದುರ್ಗದಿಂದಲೇ ಸುಮಾರು 200 ಕಿಲೋಮೀಟರ್. ಹೊಳಲ್ಕೆರೆಯ ಒಳಹಳ್ಳಿಯ ಕೂಲಿಯವರಿಗೆ ಅದು ಎರಡು ದಿನದ ಕೂಲಿ, ಇಬ್ಬರ ಬಸ್ ಚಾರ್ಜು. ಒಂದು ಸಲ ಹೋದರೂ ವಾರವಾರ ಹೋಗುವ ಮಾತೇ ಇಲ್ಲ. ಆಟವಾದರೆ ಮನೆಗೇ ಬರುತ್ತದೆ. ಅದು ಬೈಯುವುದಿಲ್ಲ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವುದಿಲ್ಲ. ಮಗು ಎಡವಿದರೆ ಒಂದು ಮೆಟ್ಟಿಲು ಇಳಿಯುತ್ತದೆ, ಗೆದ್ದರೆ ಒಂದು ಮೆಟ್ಟಿಲು ಏರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಎಷ್ಟೇ ಒಳ್ಳೆಯ ಮೇಷ್ಟರಿಗೂ ಒಂದೊಂದು ಮಗುವಿಗೆ ಬೇಕಾದಷ್ಟೇ ಕಷ್ಟವನ್ನು ಹೀಗೆ ಅಳೆದು ಕೊಡಲಾಗದು. ದಿನವಿಡೀ ಬೈಸಿಕೊಳ್ಳುವ ಮಗುವಿಗೆ ಗೆಲುವಿನ ರುಚಿ ಸಿಗುವುದು ಸಣ್ಣ ಮಾತಲ್ಲ.

ಅಭ್ಯಾಸದಿಂದ ಗಮನವನ್ನು ಕಟ್ಟಬಹುದು ಎಂಬ ನಂಬಿಕೆ ಹೊರಗಿನಿಂದ ಬಂದದ್ದೂ ಅಲ್ಲ. ನಿಮ್ಹಾನ್ಸ್‌ನಲ್ಲಿ ಶೋಭಿನಿ ರಾವ್ ಮತ್ತು ಅವರ ಶಿಷ್ಯರು ರೂಪಿಸಿದ ಮರುತರಬೇತಿ ಕ್ರಮಗಳಲ್ಲಿ ಬೆರೆಸಿಟ್ಟ ಕಾಳುಗಳನ್ನು ಆರಿಸಿ ಬೇರೆ ಮಾಡುವುದೂ ಒಂದು ಪಾಠ. ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ, ಕಾಳಿನ ಬಗೆ ಹೆಚ್ಚಿಸುತ್ತಾ ಹೋದರೆ ಕಷ್ಟವೂ ಏರುತ್ತದೆ. ವಿಡಿಯೊ ಗೇಮ್ ಮಾಡುವುದೂ ತಾತ್ವಿಕವಾಗಿ ಇದನ್ನೇ.

ಇನ್ನೊಂದು ಪಕ್ಷದ ವಾದಕ್ಕೆ ಬರೋಣ. ಅದು ತುಂಬ ಗಟ್ಟಿಯಾಗಿದೆ. ಗರಡಿಯಲ್ಲಿ ತೋಳು ಬಲಿತರೆ ಹೊಲದಲ್ಲಿ ಚೀಲ ಎತ್ತಲೂ ಅದೇ ತೋಳು ಒದಗುತ್ತದೆ. ಮನಸ್ಸೂ ಹಾಗೇ ಇರಬೇಕೆಂದು ನಾವು ಸಹಜವಾಗಿ ಎಣಿಸುತ್ತೇವೆ. ಪರದೆಯ ಮೇಲೆ ಬೆರಳು ತಡೆದವನು ಅಂಗಡಿಯ ಮುಂದೆ ಆಸೆಯನ್ನೂ ತಡೆದಾನು ಎಂದು. ಪ್ರಯೋಗಗಳು ಅದನ್ನು ಹೇಳುತ್ತಿಲ್ಲ. 2010ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು 11,430 ಮಂದಿಗೆ ಆರು ವಾರ ಕಂಪ್ಯೂಟರಿನಲ್ಲಿ ಮಿದುಳಿನ ಕಸರತ್ತು ಮಾಡಿಸಿದರು. ಮಾಡಿಸಿದ ಕಸರತ್ತಿನಲ್ಲಿ ಎಲ್ಲರೂ ಚುರುಕಾದರು. ಅದಕ್ಕೆ ಹತ್ತಿರವೇ ಇದ್ದ, ಆದರೆ ಅಭ್ಯಾಸ ಮಾಡಿಸದ ಕೆಲಸಗಳಲ್ಲಿ ಆ ಚುರುಕು ಕಾಣಲಿಲ್ಲ. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು 2024ರಲ್ಲಿ ನೇಚರ್ ನ್ಯೂರೊಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ. ಲಂಡನ್ನಿನಲ್ಲಿ ಕೀರ್ತನಾ ಗಣೇಶನ್, ನಿಕೋಲಸ್ ಸ್ಟೈನ್‌ಬೈಸ್ ಮತ್ತು ಸಂಗಡಿಗರು 6ರಿಂದ 13 ವರ್ಷದ 235 ಮಕ್ಕಳಿಗೆ ಎಂಟು ವಾರ ಆಟದ ರೂಪದಲ್ಲಿ ತರಬೇತಿ ಕೊಟ್ಟರು. ಒಂದು ಗುಂಪಿಗೆ ತಡೆಯುವ ಆಟ, ಇನ್ನೊಂದಕ್ಕೆ ಬರೀ ವೇಗದ ಆಟ. ತಡೆಯುವ ಆಟ ಆಡಿದವರು ಆ ಆಟದಲ್ಲಿ ಉತ್ತಮರಾದರು. ಆದರೆ ನಿರ್ಧಾರ ತೆಗೆದುಕೊಳ್ಳುವ ರೀತಿಯಲ್ಲಾಗಲಿ, ಓದಿನಲ್ಲಾಗಲಿ, ಮಾನಸಿಕ ಆರೋಗ್ಯದಲ್ಲಾಗಲಿ, ಮಿದುಳಿನ ರಚನೆಯಲ್ಲಾಗಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಸಿಗಲಿಲ್ಲ. ವರ್ಷದ ನಂತರ ನೋಡಿದಾಗಲೂ ಇಲ್ಲ.

ವೈದ್ಯರು ಬರೆದುಕೊಡುವ ಆ ಅಮೆರಿಕದ ಆಟದ ಕಥೆಯಲ್ಲೂ ಇದೇ ಬಿರುಕಿದೆ. 348 ಮಕ್ಕಳ ಮೇಲೆ ನಡೆದ ಅದರ ಮುಖ್ಯ ಪ್ರಯೋಗದಲ್ಲಿ ಕಂಪ್ಯೂಟರಿನ ಗಮನಪರೀಕ್ಷೆಯ ಅಂಕ ಏರಿತು. ಆದರೆ ಮಗು ಮನೆಯಲ್ಲಿ ಹೇಗಿದೆ ಎಂದು ತಂದೆತಾಯಿ ತುಂಬಿದ ಪಟ್ಟಿಯಲ್ಲಿ, ಈ ಆಟ ಆಡಿದವರಿಗೂ ಬರೀ ಪದಗಳ ಆಟ ಆಡಿದವರಿಗೂ ಗಣನೀಯ ಅಂತರ ಕಾಣಲಿಲ್ಲ. ಮಗುವಿನ ಜೊತೆ ಬದುಕುವವರಿಗೆ ಕಾಣದ ಸುಧಾರಣೆ ಯಾರಿಗಾಗಿ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ವಿಜ್ಞಾನಿಗಳೊಳಗೇ ಜಗಳವಿದೆ. 2014ರಲ್ಲಿ ಸುಮಾರು 70 ಮಂದಿ ಸಹಿ ಹಾಕಿ, ಮಿದುಳಿನ ಆಟಗಳ ಜಾಹೀರಾತನ್ನು ನಂಬಬೇಡಿ ಎಂದರು. ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ಮಂದಿ, ಪುರಾವೆ ಇದೆ ಎಂದು ಮರುಪತ್ರ ಬರೆದರು. ಜಾಹೀರಾತಿನ ವಿಷಯದಲ್ಲಂತೂ ತೀರ್ಮಾನವಾಯಿತು: ಮಿದುಳಿನ ಆಟ ಮಾರುವ ಲುಮಾಸಿಟಿ ಕಂಪನಿ ಪುರಾವೆಯಿಲ್ಲದ ಭರವಸೆ ಕೊಟ್ಟಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ 2016ರ ಜನವರಿಯಲ್ಲಿ 20 ಲಕ್ಷ ಡಾಲರ್ ಕಟ್ಟುವುದರೊಂದಿಗೆ ಮುಗಿಯಿತು.

ಹಾಗಾದರೆ ಆಟದಿಂದ ಏನೂ ಆಗದು ಎನ್ನಬೇಕೆ? ನಾನು ಹಾಗೆನ್ನಲಾರೆ. ನಮ್ಮ ದೇಶದ್ದೇ ಒಂದು ಪ್ರಯೋಗ ಇದನ್ನು ಬಿಡಿಸಿ ತೋರಿಸುತ್ತದೆ. ದೆಹಲಿಯಲ್ಲಿ ಪ್ರಥಮ್ ಸಂಸ್ಥೆ ನಡೆಸುತ್ತಿದ್ದ 214 ಶಿಶುವಿಹಾರಗಳ 1,540 ಮಕ್ಕಳನ್ನು ಗುಂಪು ಮಾಡಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತವರ ಸಂಗಡಿಗರು ಒಂದು ಗುಂಪಿಗೆ ಗಣಿತದ ಆಟಗಳನ್ನು ಆಡಿಸಿದರು. ಫಲಿತಾಂಶ 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಇದು ಹೆಚ್ಚೋ ಅದು ಹೆಚ್ಚೋ ಎಂದು ಕಣ್ಣಂದಾಜಿನಲ್ಲಿ ಹೇಳುವ ಶಕ್ತಿ ಬೆಳೆಯಿತು, ವರ್ಷ ಕಳೆದರೂ ಉಳಿಯಿತು. ಶಾಲೆಯ ಲೆಕ್ಕದಲ್ಲಿ ಮಾತ್ರ ಅದು ಒದಗಲಿಲ್ಲ. ಆಟ ಕಲಿಸಿದ್ದನ್ನು ಮಗು ಕಲಿಯಿತು, ಕಲಿಸದ್ದನ್ನು ಕಲಿಯಲಿಲ್ಲ. ಇದನ್ನೇ ತಿರುಗಿಸಿ ಓದಿದರೆ ಆಟ ಕಟ್ಟುವವರಿಗೆ ದಾರಿ ಸಿಗುತ್ತದೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ನಟಾಲಿಯಾ ಲಾರೆನ್ಸ್ ತಂಡ ಮಾಡಿದ ಆಟ ನೋಡಿ: ಹಣ್ಣಿನ ಚಿತ್ರ ಬಂದರೆ ಒತ್ತು, ಕರಿದ ತಿಂಡಿಯ ಚಿತ್ರ ಬಂದರೆ ಕೈ ತಡೆ. ಆಡಿದ ವಯಸ್ಕರು ಅಂಥ ತಿಂಡಿ ತಿನ್ನುವುದು ಒಂದಷ್ಟು ಕಡಿಮೆಯಾದದ್ದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಸಂಯಮವನ್ನು ಒಟ್ಟಾರೆಯಾಗಿ ಬೆಳೆಸಹೊರಟ ಆಟ ಸೋತ ಕಡೆ, ಒಂದೇ ಆಸೆಯ ಮೇಲೆ ಕಣ್ಣಿಟ್ಟ ಆಟ ಅಷ್ಟಿಷ್ಟು ಗೆದ್ದಿದೆ.

ಪರದೆಯೇ ಬೇಕೆ ಎಂಬ ಪ್ರಶ್ನೆಯೂ ಇದೆ. ನೆಲದ ಮೇಲೊಂದು ಗೆರೆ ಎಳೆದು ಮಕ್ಕಳು ಆಡುವ ಕೆರೆ–ದಡ ನೆನಪಿಸಿಕೊಳ್ಳಿ. ಮುಂದಾಳು ಕೆರೆ ಎಂದರೆ ಮುಂದಕ್ಕೆ ಜಿಗಿ, ದಡ ಎಂದರೆ ಹಿಂದಕ್ಕೆ. ಕೆರೆ, ದಡ, ಕೆರೆ, ದಡ ಎಂದು ಲಯ ಹಿಡಿಸಿ, ಕಾಲು ಅಭ್ಯಾಸಕ್ಕೆ ಬಿದ್ದ ಹೊತ್ತಿಗೆ ಥಟ್ಟನೆ ದಡ, ದಡ ಎನ್ನುತ್ತಾನೆ. ಕಿವಿ ಬಿಟ್ಟು ಕಾಲಿನ ಮಾತು ಕೇಳಿದವರು ಔಟ್. ಪ್ರಯೋಗಶಾಲೆಯ ಹಸಿರು–ಕೆಂಪು ಚುಕ್ಕೆಯ ಪರೀಕ್ಷೆ ಇದಲ್ಲದೆ ಬೇರೇನೂ ಅಲ್ಲ. ಅಮೆರಿಕದಲ್ಲಿ ಶಾನಾ ಟೊಮಿನಿ ಮತ್ತು ಮೇಗನ್ ಮೆಕ್ಲೆಲಂಡ್ ಇಂಥದ್ದೇ ಗುಂಪಾಟಗಳನ್ನು 65 ಪುಟ್ಟ ಮಕ್ಕಳ ಅಧ್ಯಯನದಲ್ಲಿ ಪರೀಕ್ಷಿಸಿ 2011ರಲ್ಲಿ ಬರೆದರು. ಒಟ್ಟು ಗುಂಪಿನಲ್ಲಿ ದೊಡ್ಡ ಫಲವಿರಲಿಲ್ಲ. ಆದರೆ ಮೊದಲಿಗೆ ತುಂಬ ಹಿಂದಿದ್ದ ಮಕ್ಕಳು ಮುಂದೆ ಬಂದರು. ಇದು ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ನಾವು ಚಿಂತೆ ಮಾಡಬೇಕಾದದ್ದು ಆ ಮಕ್ಕಳ ಬಗ್ಗೆಯೇ.

ಅದೇ ವರ್ಷ ಅಡೆಲ್ ಡೈಮಂಡ್ ಮತ್ತು ಕ್ಯಾಥ್ಲೀನ್ ಲೀ, 4ರಿಂದ 12 ವರ್ಷದ ಮಕ್ಕಳ ಸಂಯಮಕ್ಕೆ ನೆರವಾದ ದಾರಿಗಳನ್ನೆಲ್ಲ ಸೈನ್ಸ್ ಪತ್ರಿಕೆಯಲ್ಲಿ ಒಟ್ಟುಗೂಡಿಸಿದರು. ಕಂಪ್ಯೂಟರ್ ಆಟದ ಪಕ್ಕದಲ್ಲೇ ಸಮರಕಲೆ, ಯೋಗ, ಶಾಲೆಯ ಪಾಠಕ್ರಮ ಎಲ್ಲ ಇದ್ದವು. ಯೋಗಕ್ಕೆ ಅವರು ಕೊಟ್ಟ ಸಾಕ್ಷಿ ಕರ್ನಾಟಕದ್ದು: ಬೆಂಗಳೂರಿನ ವಿವೇಕಾನಂದ ಕೇಂದ್ರದ ಯೋಗ ಸಂಶೋಧಕರಾದ ಮಂಜುನಾಥ್ ಮತ್ತು ಶಿರ್ಲಿ ಟೆಲ್ಲಿಸ್ 2001ರಲ್ಲಿ ಪ್ರಕಟಿಸಿದ ಅಧ್ಯಯನ. 10ರಿಂದ 13 ವರ್ಷದ ಹುಡುಗಿಯರು ಒಂದು ತಿಂಗಳು ದಿನಾ 75 ನಿಮಿಷ ಯೋಗ ಮಾಡಿ, ಮೊದಲೇ ಯೋಚಿಸಿ ಕೈಯಾಡಿಸಬೇಕಾದ ಒಗಟಿನ ಪರೀಕ್ಷೆಯಲ್ಲಿ ಸುಧಾರಿಸಿದರು. ಬರೀ ವ್ಯಾಯಾಮ ಮಾಡಿದವರು ಅಷ್ಟು ಸುಧಾರಿಸಲಿಲ್ಲ.

ಇದನ್ನು ಓದಿದಾಗ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ಕಣ್ಣಮುಂದೆ ಬರುತ್ತದೆ. ತಿರುಕ ಎಂಬ ಹೆಸರಲ್ಲಿ ಬರೆದ ರಾಘವೇಂದ್ರ ಸ್ವಾಮೀಜಿ ಅಲ್ಲಿ ಅನಾಥಸೇವಾಶ್ರಮ ಕಟ್ಟಿ, ಸಾವಿರಾರು ಜನಕ್ಕೆ ಆಸನ ಪ್ರಾಣಾಯಾಮ ಕಲಿಸಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯದು ಇನ್ನೊಂದು ದಾರಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಶಿವಸಂಚಾರ 1997ರಿಂದ ನಾಟಕವನ್ನು ಊರೂರಿಗೆ ಒಯ್ಯುತ್ತಿದೆ. ನಾಟಕದಲ್ಲಿ ಪಾತ್ರ ಮಾಡುವ ಮಗು ತನ್ನ ಮಾತಿನ ಸರದಿಗೆ ಸೈಡ್‌ವಿಂಗ್‌ನಲ್ಲಿ ಕಾಯಬೇಕು, ನಗು ಬಂದರೂ ನಗಬಾರದು, ಎದುರಿನವನು ಮಾತು ಮರೆತರೂ ತಾನು ಪಾತ್ರ ಬಿಡಬಾರದು. ಸೋವಿಯತ್ ನಾಡಿನಲ್ಲಿ 1940ರ ದಶಕದಲ್ಲಿ ಮನುಯಿಲೆಂಕೊ ಎಂಬ ಸಂಶೋಧಕಿ ಕಂಡುಕೊಂಡದ್ದು ಇದಕ್ಕೆ ಹೊಂದುತ್ತದೆ: ಅಲ್ಲಾಡದೆ ನಿಲ್ಲು ಎಂದರೆ ಬೇಗ ಸೋಲುವ ಮಗು, ನೀನು ಕಾವಲುಗಾರ ಎಂದು ಪಾತ್ರ ಕೊಟ್ಟರೆ ಎಷ್ಟೋ ಹೆಚ್ಚು ಹೊತ್ತು ನಿಲ್ಲುತ್ತದೆ.

ಆದರೆ ತಕ್ಕಡಿ ಸರಿಯಾಗಿ ಹಿಡಿಯಬೇಕಾದರೆ ಈ ಕಡೆಯ ತಟ್ಟೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು. ಆ ಯೋಗದ ಅಧ್ಯಯನದಲ್ಲಿ ಇದ್ದ ಹುಡುಗಿಯರು ಇಪ್ಪತ್ತೇ ಮಂದಿ. 235 ಮಕ್ಕಳ ಮೇಲೆ ನಡೆದ ಆಟದ ಪ್ರಯೋಗವನ್ನು ಸೋತಿತು ಎನ್ನುವವರು 20 ಮಕ್ಕಳ ಯೋಗದ ಪ್ರಯೋಗವನ್ನು ಗೆದ್ದಿತು ಎಂದು ಬಿಟ್ಟುಬಿಡಲಾಗದು. ನಾಟಕಕ್ಕೂ ಯೋಗಕ್ಕೂ ಒಳ್ಳೆಯ ಗುರು ಬೇಕು, ವರ್ಷಗಳ ಸಂಗ ಬೇಕು. ಮಲ್ಲಾಡಿಹಳ್ಳಿ ಒಂದೇ ಇದೆ, ಸಾಣೇಹಳ್ಳಿಯೂ ಒಂದೇ. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಣದ ಮೇಷ್ಟರೇ ಇಲ್ಲ. ಎಲ್ಲ ಕಡೆ ಒಂದೇ ಗುಣದಲ್ಲಿ ತಲುಪುವ ಶಕ್ತಿ ಆಟದ ಸಾಫ್ಟ್‌ವೇರಿಗೆ ಇದೆ ಎಂಬುದನ್ನು ಅಲ್ಲಗಳೆಯಲಾಗದು.

ಇಲ್ಲಿಯ ಮಕ್ಕಳಿಗೆಂದು ಅಂಥ ಆಟ ಕಟ್ಟುವುದಾದರೆ ಯಾರಿಗೂ ಮೊದಲು ಹೊಳೆಯುವುದು ಚಿತ್ರದುರ್ಗದ ಕೋಟೆಯ ಓಬವ್ವನ ಕಿಂಡಿ, ನುಸುಳಿ ಬಂದ ಶತ್ರುಗಳನ್ನು ಅವಳು ಒನಕೆಯಿಂದ ಬಡಿದ ಜಾಗ. ಅವಸರದಲ್ಲಿ ಕಟ್ಟಿದರೆ ಅದು ಹೀಗಿರುತ್ತದೆ: ಕಿಂಡಿಯಿಂದ ತಲೆಗಳು ಬರುತ್ತಲೇ ಇರುತ್ತವೆ, ಒನಕೆ ಬೀಸುತ್ತಲೇ ಇರಬೇಕು, ಎಷ್ಟು ಬೇಗ ಬೀಸಿದರೆ ಅಷ್ಟು ಅಂಕ. ಆ ಆಟ ಕಲಿಸುವುದು ವೇಗವನ್ನು, ತಡೆಯುವುದನ್ನಲ್ಲ. ಕಥೆಯಲ್ಲಿರುವ ಓಬವ್ವನ ದೊಡ್ಡತನ ಒನಕೆ ಎತ್ತಿದ್ದರಲ್ಲಿ ಎಷ್ಟಿದೆಯೋ, ಕೂಗಿಕೊಳ್ಳದೆ, ಬಂದವನ ತಲೆ ಪೂರ್ತಿ ಒಳಗೆ ಬರುವವರೆಗೂ ಉಸಿರು ಬಿಗಿಹಿಡಿದು ಕಾದದ್ದರಲ್ಲೂ ಅಷ್ಟೇ ಇದೆ. ಅದನ್ನು ಆಟವಾಗಿಸಬೇಕು. ಬೇಗ ಬೀಸಿದರೆ ಸೋಲು. ಕಿಂಡಿಯಿಂದ ಬರುವವರಲ್ಲಿ ಆಗಾಗ ಮೊಸರು ಮಾರುವ ಹೆಂಗಸೂ ಇರಬೇಕು. ಅವಳ ಮೇಲೆ ಕೈಯೆತ್ತಿದರೆ ಸೋಲು. ಒನಕೆ ಎತ್ತಿಯಾದ ಮೇಲೆ ಒಮ್ಮೊಮ್ಮೆ ಕಹಳೆ ಕೇಳಬೇಕು (ಓಬವ್ವನ ಗಂಡ ಮುದ್ದಹನುಮ ಕಹಳೆಯವನೇ ಅಲ್ಲವೆ). ಕೇಳಿದೊಡನೆ ಎತ್ತಿದ ಕೈ ಹಾಗೇ ನಿಲ್ಲಬೇಕು. ಮಗು ಚೆನ್ನಾಗಿ ತಡೆಯತೊಡಗಿದರೆ ಕಹಳೆ ಒಂದು ಕ್ಷಣ ತಡವಾಗಿ ಮೊಳಗುತ್ತದೆ, ತಡೆಯುವುದು ಇನ್ನಷ್ಟು ಕಷ್ಟ. ಎಡವಿದರೆ ಒಂದು ಕ್ಷಣ ಬೇಗ. ಹೀಗೆ ಮಗು ಯಾವಾಗಲೂ ತನ್ನ ಶಕ್ತಿಯ ಅಂಚಿನಲ್ಲೇ ಆಡುತ್ತದೆ. ಎಂಟು ವರ್ಷದ ಮಗುವಿಗೆ ತಲೆ ಒಡೆಯುವ ಆಟ ಕೊಡಲು ನನಗೆ ಮನಸ್ಸಿಲ್ಲ. ಚಿಕ್ಕವರಿಗೆ ಅದೇ ಲೆಕ್ಕಾಚಾರವನ್ನು ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಆಟವಾಗಿ ಬದಲಿಸಬಹುದು.

ಇಂಥ ಆಟ ತಾನೇ ಮುಗಿಯಲೂಬೇಕು. ಸಂತೆಯಲ್ಲಿ ಸಿಗುವ ಆಟಗಳು ಬದುಕುವುದೇ ಮಗು ಎದ್ದುಹೋಗದಂತೆ ನೋಡಿಕೊಂಡು: ದಿನಾ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ನಿಮ್ಹಾನ್ಸ್ 2014ರಲ್ಲೇ ಮೊಬೈಲ್, ಗೇಮ್‌ಗಳ ಚಟ ಬಿಡಿಸುವ ಶಟ್ ಕ್ಲಿನಿಕ್ ತೆರೆಯಬೇಕಾಗಿ ಬಂದದ್ದು, ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ, ಕಲಿಕೆಯ ಆಟಗಳಿಗೆ ಉತ್ತೇಜನದ ಮಾತಾಡುತ್ತದೆ. ಆದರೆ ಕಲಿಕೆಯ ಆಟವೆಂಬ ಹೆಸರಿದ್ದ ಮಾತ್ರಕ್ಕೆ ಮಗುವನ್ನು ಹಿಡಿದಿಡುವ ತಂತ್ರ ಅದರಲ್ಲಿ ಇಲ್ಲವೆಂದಲ್ಲ. ಇಪ್ಪತ್ತು ನಿಮಿಷಕ್ಕೆ ಕೋಟೆಯ ಬಾಗಿಲು ಮುಚ್ಚಿ ಮಾರನೆಯ ದಿನದವರೆಗೆ ತೆರೆಯದ ಆಟವನ್ನು ಯಾವ ವ್ಯಾಪಾರಿಯೂ ಸಂತೋಷದಿಂದ ಮಾಡಲಾರ. ಆದ್ದರಿಂದ ಇದನ್ನು ಸರ್ಕಾರದ ಅಥವಾ ವಿಶ್ವವಿದ್ಯಾಲಯದ ದುಡ್ಡಿನಲ್ಲೇ ಮಾಡಬೇಕು ಎಂಬ ಕಡೆ ನಾನು ವಾಲುತ್ತೇನೆ.

ಸಂಯಮವನ್ನು ಪೂರ್ತಿ ಮಗುವಿನ ಹೆಗಲಿಗೆ ಹೊರಿಸುವುದರಲ್ಲಿ ಒಂದು ಅನ್ಯಾಯವೂ ಇದೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ಕಾದರೆ ಎರಡು ಕೊಡುತ್ತೇವೆ ಎಂದರು. ಅದಕ್ಕೆ ಮುಂಚೆ ಅರ್ಧ ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದರು, ಉಳಿದರ್ಧಕ್ಕೆ ಬೇಕೆಂದೇ ತಪ್ಪಿದ್ದರು. ಮಾತು ಉಳಿಸಿಕೊಂಡ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ತಪ್ಪಿದ ಕಡೆ 3 ನಿಮಿಷ. 2013ರಲ್ಲಿ ಬಂದ ಈ ಲೇಖನ ನಮ್ಮ ಬರದ ಸೀಮೆಯಲ್ಲಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಆ ದುಡ್ಡಿಗೆ ಜಿಲ್ಲೆ ವರ್ಷಗಟ್ಟಲೆ ಕಾಯಬೇಕಾಯಿತು. ನಾಳೆ ಬರುತ್ತದೆ ಎಂದದ್ದು ಬಾರದ ಮನೆಯಲ್ಲಿ ಬೆಳೆದ ಮಗು ಇವತ್ತಿನದನ್ನು ಇವತ್ತೇ ಕಿತ್ತುಕೊಂಡರೆ ಅದನ್ನು ಸಂಯಮದ ಕೊರತೆ ಎಂದಷ್ಟೇ ಬರೆದುಕೊಳ್ಳುವುದು ತಪ್ಪು. ಅಂಥ ಮಗುವಿಗೆ ಆಟಕ್ಕಿಂತ ಮೊದಲು ಬೇಕಾದದ್ದು ಮಾತಿಗೆ ತಪ್ಪದ ದೊಡ್ಡವರು.

ವೈದ್ಯರು ನೋಡಿ ಒಂದು ಮಗುವಿಗೆ ಇಂಥ ಆಟ ಹೇಳಿದ್ದರೆ, ಅದನ್ನು ಮೊಬೈಲ್ ಹುಚ್ಚು ಎಂದು ತಡೆಯುವುದು ತಪ್ಪೆನ್ನುತ್ತೇನೆ. ಎಲ್ಲ ಶಾಲೆಗಳಿಗೂ ಟ್ಯಾಬ್ ಕೊಟ್ಟು ಸಂಯಮದ ಗೇಮ್ ಹಾಕಿಸುತ್ತೇವೆ ಎಂದು ಯಾರಾದರೂ ಬಂದರೆ, ಆ ದುಡ್ಡಿನಲ್ಲಿ ಮೊದಲು ದೈಹಿಕ ಶಿಕ್ಷಕರನ್ನು ಕೊಡಿ ಎನ್ನುತ್ತೇನೆ. ಇವೆರಡರ ನಡುವೆ ಒಂದು ಕೆಲಸ ಮಾತ್ರ ಈಗಲೇ ಆಗಬಹುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕೆಲವು ಶಾಲೆಗಳನ್ನು ಚೀಟಿ ಎತ್ತಿ ಮೂರು ಗುಂಪು ಮಾಡಬೇಕು: ಒಂದರಲ್ಲಿ ಪರದೆಯ ಆಟ, ಒಂದರಲ್ಲಿ ಅಷ್ಟೇ ಹೊತ್ತು ಬಯಲಿನ ಆಟ, ಒಂದರಲ್ಲಿ ಎಂದಿನ ಪಾಠ. ಅಳೆಯುವವರಿಗೆ ಯಾವ ಶಾಲೆ ಯಾವ ಗುಂಪಿನದು ಎಂದು ಗೊತ್ತಿರಬಾರದು. ಅಳೆಯಬೇಕಾದದ್ದು ಆಟದ ಅಂಕವನ್ನಲ್ಲ. ಬಿಸಿಯೂಟದ ಸಾಲಿನಲ್ಲಿ ಮಗು ಸರದಿ ಕಾಯುತ್ತದೆಯೇ, ಹಿಡಿದ ಲೆಕ್ಕ ಮುಗಿಸುತ್ತದೆಯೇ, ಅಪ್ಪ ಕೇಳಿದಾಗ ಫೋನನ್ನು ರಂಪವಿಲ್ಲದೆ ಕೊಡುತ್ತದೆಯೇ ಎಂದು ಅಳೆಯಬೇಕು. ಆಟ ನಿಂತು ಆರು ತಿಂಗಳಾದ ಮೇಲೆ ಇನ್ನೊಮ್ಮೆ ಅಳೆಯಬೇಕು. ಬಂದ ಫಲವನ್ನು, ಏನೂ ಬರದಿದ್ದರೆ ಅದನ್ನೂ, ಪ್ರತಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತಂದೆತಾಯಿಯರ ಮುಂದೆ ಕನ್ನಡದಲ್ಲಿ ಓದಿ ಹೇಳಬೇಕು, ಮುಂದಿನ ವರ್ಷ ಆಟ ಬೇಕೇ ಬೇಡವೇ ಎಂದು ಅವರನ್ನೇ ಕೇಳಬೇಕು.